ಒತ್ತಿನೆಣೆ ಏರಿನಲ್ಲಿ ಕುದಿಯುತ್ತಿದ್ದ ಗಾಡಿ

ಮೊನ್ನೆ ನನ್ನ ಗ್ಯಾರೇಜಿನ ಎದುರು ಯಾರದೋ ಕಾರು ಹೊಗೆಯಾಡುತ್ತ ನಿಂತಿತು. ಬಾನೆಟ್ ಎತ್ತಿದ್ದೇ ತಡ, ಕುದಿದ ಕೂಲೆಂಟಿನ ಆ ಸಿಹಿ ವಾಸನೆ... ಬೆಲ್ಲದ ಪಾಕ ತಳ ಹಿಡಿದರೆ ಬರುತ್ತದಲ್ಲ, ಹಾಗೆ. ಬೇರೆಯವರು ಮೂಗು ಮುಚ್ಚಿಕೊಂಡರು. ನನಗೆ ಟೀಚರ್ ನೆನಪಾದರು.

ಟೀಚರ್ ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ. ಕುಂದಾಪುರದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಲು ಬಂದು, ಹಟ್ಟಿಯಂಗಡಿಯಲ್ಲಿ ಸೋದರಮಾವನ ಮನೆಯಲ್ಲಿದ್ದರು. ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದ ತಂದೆ ತೀರಿಕೊಂಡ ಮೇಲೆ ಅವರ ಕೆಂಪು ಸ್ಪೋರ್ಟ್ಸ್ ಕಾರು ಮಗಳ ಪಾಲಿಗೆ ಬಂತು. ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಎರಡು ಸಾವಿರದ ನಾಲ್ಕೋ ಐದೋ ಇಸವಿ. ಹೆಂಗಸೊಬ್ಬಳು ಅಂಥ ಗಾಡಿ ಬಿಟ್ಟುಕೊಂಡು ಬಂದರೆ ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸಿನ ಡ್ರೈವರೂ ಕುತ್ತಿಗೆ ತಿರುಗಿಸುತ್ತಿದ್ದ. ಅಲ್ಲೇ ಚಿಕ್ಕ ಗ್ಯಾರೇಜು ಇಟ್ಟಿದ್ದ ನಾನು ತಿರುಗಿಸಿದ ಕುತ್ತಿಗೆ ನೆಟ್ಟಗಾಗಲೇ ಇಲ್ಲ, ಬಿಡಿ.

ಅವರಿಗೆ ಮುಂಬೈಯಲ್ಲಿ ಬೇರೆ ಕೆಲಸ ಸಿಕ್ಕಿತ್ತು. ಬೇಸಿಗೆ ರಜೆ ಶುರುವಾಗುತ್ತಲೇ ಅದೇ ಕಾರಿನಲ್ಲಿ ಒಬ್ಬರೇ ಹೊರಡುವುದೆಂದು ಹಟ ಹಿಡಿದಿದ್ದರು. ಆದರೆ ಆ ದಾರಿಯಲ್ಲಿ ಬೈಂದೂರು ದಾಟಿ ಒತ್ತಿನೆಣೆಯ ಏರು ಹತ್ತಿದರೆ ಸಾಕು, ಎಂಜಿನ್ ಕುದಿಯುತ್ತಿತ್ತು. ರಜೆ ಶುರುವಾಗುವುದರೊಳಗೆ ಸರಿಯಾಗದಿದ್ದರೆ ಗಾಡಿ ಮಾರಿ ಬಸ್ಸಿನಲ್ಲಿ ಹೋಗು ಎಂದು ಮಾವ ಅಪ್ಪಣೆ ಮಾಡಿಬಿಟ್ಟಿದ್ದರು.

"ಅಪ್ಪಯ್ಯನ ಗಾಡಿ ಮಾರುಕಾಗ. ನಾನೇ ಬಿಟ್ಕಂಡ್ ಹೋತೆ. ಎಂತ ಆಯ್ತ್ ಅಂದೇಳಿ ಕಾಣಿ ಮರಾಯ್ರೆ" ಎಂದು ಟೀಚರ್ ಕೀ ನನ್ನ ಕೈಗೆ ಕೊಟ್ಟರು.

ರೇಡಿಯೇಟರ್ ತೊಳೆದೆ. ಥರ್ಮೋಸ್ಟಾಟ್ ಬದಲಿಸಿದೆ. ಫ್ಯಾನು ನೋಡಿದೆ, ಬೆಲ್ಟು ನೋಡಿದೆ. ಗ್ಯಾರೇಜಿನಲ್ಲಿ ನಿಂತಲ್ಲೇ ಎಷ್ಟು ಹೊತ್ತು ಚಾಲೂ ಇಟ್ಟರೂ ಮಹರಾಯ ತಣ್ಣಗಿರುತ್ತಿದ್ದ. ಏರಿಗೆ ಒಯ್ದರೆ ಮತ್ತದೇ ಹೊಗೆ. "ಹ್ವಾಯ್, ಮತ್ತ್ ಬಿಸಿ ಆಯ್ತಲೆ!" ಎಂದು ಅವರ ಫೋನು ಬರುತ್ತಿತ್ತು. ನಾನು ತಲೆ ಚಚ್ಚಿಕೊಳ್ಳಬೇಕಿತ್ತು. ಆದರೆ ಅಂಗಿ ಬದಲಿಸಿ ಓಡುತ್ತಿದ್ದೆ! ಗಾಡಿ ಸರಿಯಾದರೆ ಅವರು ಹೋಗಿಬಿಡುತ್ತಾರೆ, ಆಗದಿದ್ದರೆ ಅವರ ಅಪ್ಪನ ಗಾಡಿ ಹೋಗುತ್ತದೆ. ಯಾವುದಾಗಲಿ ಎಂದು ದೇವರಲ್ಲಿ ಬೇಡಿಕೊಳ್ಳುವುದೋ ತಿಳಿಯದೆ ಸುಮ್ಮನೆ ಕೈಮುಗಿದು ಬರುತ್ತಿದ್ದೆ...

ಒಂದು ಸಂಜೆ ನಾನು ಕಾರಿನಡಿ ಮಲಗಿದ್ದೆ. ಬೆಂಚಿನ ಮೇಲೆ ಕುಳಿತು ಕುಳಿತು ಅವರಿಗೆ ಸಾಕಾಯಿತು. "ನಾನ್ ಎಂತಾರೂ ಮಾಡ್ತೆ, ಹೇಳಿ" ಎಂದರು.

"ಹಂಗಾರೆ ಎಕ್ಸಿಲೇಟರ್ ಒತ್ತಿ. ಗಟ್ಟಿ ಒತ್ತಿ."

ಒತ್ತಿದರು ನೋಡಿ, ಪಕ್ಕದ ಅಂಗಡಿಯವರೆಲ್ಲ ಹೊರಗೆ ಬಂದರು. ಆಗ ಕಣ್ಣಿಗೆ ಬಿತ್ತು. ರೇಡಿಯೇಟರಿನಿಂದ ಎಂಜಿನ್ನಿಗೆ ನೀರು ಹೋಗುವ ಕೆಳಗಿನ ರಬ್ಬರ್ ಹೋಸು, ಮಾವಿನ ಗೊರಟು ಚೀಪುವ ಮಗುವಿನ ಕೆನ್ನೆಯ ಹಾಗೆ ಒಳಗೆ ಸೆಳೆದುಕೊಂಡು ಚಪ್ಪಟೆಯಾಯಿತು. ಕಾಲು ತೆಗೆದರೆ ಮತ್ತೆ ಉರುಟು. ಅದು ಕುಗ್ಗದಂತೆ ತಡೆಯುವ ಒಳಗಿನ ಸ್ಪ್ರಿಂಗು ತುಕ್ಕು ಹಿಡಿದು ಪುಡಿಯಾಗಿತ್ತು. ಎಂಜಿನ್ ಜೋರಾದಾಗಲೆಲ್ಲ ನೀರಿನ ದಾರಿ ಮುಚ್ಚಿ ಹೋಗುತ್ತಿತ್ತು, ಅಷ್ಟೇ! ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.

"ಸಿಕ್ತ್!" ಎಂದು ಅಡಿಯಿಂದಲೇ ಕೂಗಿದೆ. ಹೊರಗೆ ಬಂದರೆ ಟೀಚರ್ ಸ್ಟೇರಿಂಗಿಗೆ ಹಣೆಯೊತ್ತಿ ಅಳುತ್ತಿದ್ದರು. ಖುಷಿಗೆ. ನನಗೂ ಅಳು ಬಂದಿತ್ತು, ಖುಷಿಗೇ ಎಂದು ಹೇಳಲಾರೆ.

ಹೊಸ ಹೋಸು ಹಾಕಿ ಮರುದಿನ ಒತ್ತಿನೆಣೆಗೆ ಹೋದೆವು. ಅವರು ಡ್ರೈವಿಂಗಿನಲ್ಲಿ, ನಾನು ಪಕ್ಕದಲ್ಲಿ.

"ಬಿಸಿ ತೋರ್ಸು ಮುಳ್ ಎಲ್ಲಿತ್ ಕಾಣಿ" ಎಂದೆ.

"ನಡೂ ಇತ್ತ್."

ಏರು ಮುಗಿದರೂ ಮುಳ್ಳು ಅಲುಗಲಿಲ್ಲ. ಮೇಲೆ ಗಾಡಿ ನಿಲ್ಲಿಸಿದರು. ಕೆಳಗೆ ಸಮುದ್ರ, ಗಾಳಿ... ಅವರು ನನ್ನನ್ನೇ ನೋಡಿ, "ಎಂತಾರೂ ಹೇಳುಕಿತ್ತಾ?" ಎಂದು ಕೇಳಿದರು. ಈ ಬಾಯಿ ಹೇಳಿದ್ದೇನು ಗೊತ್ತೇ?

"ಹೋಸಿನ ಕ್ಲಿಪ್ ಸಡ್ಲ ಆತ್ತಾ ಕಂಡ್ಕಣಿ."

ಅವರು ಗಾಡಿ ತಿರುಗಿಸಿದರು.

ಮುಂಬೈ ತಲುಪಿದ ಮೇಲೆ ಒಮ್ಮೆ ಫೋನ್ ಮಾಡಿದರು. "ಒಂದ್ ಸಲವೂ ಬಿಸಿ ಆಯ್ಲಿಲ್ಲ. ನಿಮ್ಮ ಕೈಗುಣ ದೊಡ್ಡದ್" ಎಂದರು. ಮತ್ತೆ ಫೋನ್ ಬರಲಿಲ್ಲ. ಮದುವೆಯಾಯಿತೆಂದು ಹಟ್ಟಿಯಂಗಡಿಯವರಿಂದ ಕೇಳಿದೆ. ಅವರ ಮಾವನೂ ಈಗಿಲ್ಲ, ಅವರ ಸುದ್ದಿ ಕೇಳಲು ಯಾರೂ ಉಳಿದಿಲ್ಲ.

ಈಗ ನನ್ನದು ದೊಡ್ಡ ಗ್ಯಾರೇಜು. ನಿಮ್ಮಲ್ಲಿ ಕೊಟ್ಟ ಗಾಡಿ ಮತ್ತೆ ಕೆಡುವುದಿಲ್ಲ ಎಂದು ಗಿರಾಕಿಗಳು ಹೊಗಳುತ್ತಾರೆ, ನಾನೂ ನಗುತ್ತೇನೆ. ಆದರೆ ಹೆದ್ದಾರಿಯಲ್ಲಿ ಎಲ್ಲಾದರೂ ತಗ್ಗು ಕೆಂಪು ಕಾರು ಕಂಡರೆ ಕೈಯಲ್ಲಿದ್ದ ಸ್ಪಾನರ್ ಬಿಟ್ಟು ಬಾಗಿಲಿಗೆ ಬರುತ್ತೇನೆ. ಒಂದು ಚೂರು ಹೊಗೆ ಕಾಣಲಿ, ಇಲ್ಲಿ ನಿಲ್ಲಲಿ ಎಂದು ನೋಡುತ್ತೇನೆ. ಅದು ನಿಲ್ಲದೆ ಹೋಗಿಬಿಡುತ್ತದೆ.