ಅಂಜಿನವ್ವನ ಬಿಪಿ ಗುಳಿಗೆ

ದಾವಣಗೆರೆಯಲ್ಲಿ ಡಾಕ್ಟರಾಗುವ ಮಕ್ಕಳಿಗೆ ಸಾಮಾಜಿಕ ಜವಾಬ್ದಾರಿ ಕಲಿಸುವ ಮೇಷ್ಟ್ರು ನಾನು. ನನ್ನ ಪಾಠ ಶುರುವಾದರೆ ಸಾಕು, ಹಿಂದಿನ ಬೆಂಚು ತೂಕಡಿಸುತ್ತದೆ. ಅದಕ್ಕೇ ಎಲ್ಲರನ್ನೂ ವ್ಯಾನಿಗೆ ತುಂಬಿ, ಹರಿಹರ ದಾಟಿಸಿ, ಕೊಕ್ಕನೂರಿನಲ್ಲಿ ಇಳಿಸುತ್ತೇನೆ. ಒಬ್ಬೊಬ್ಬರಿಗೆ ಒಂದಿಷ್ಟು ಮನೆ. ಆ ಮನೆಯವರ ಆರೋಗ್ಯ ಅವರ ಹೊಣೆ. ದಾವಣಗೆರೆಯ ಕೆ.ಬಿ. ಬಡಾವಣೆಯ ಹುಡುಗಿ ಅಂಕಿತಾಳ ಪಾಲಿಗೆ ಬಂದವಳು ಅಂಜಿನವ್ವ.

ಅಂಜಿನವ್ವ ಒಂಟಿ ಹೆಂಗಸು. ಬಾಯಿ ಜೋರು, ಕೈ ಧಾರಾಳ. ಒಲೆಯಿಂದ ಸಾರು ಇಳಿಸುವಷ್ಟರಲ್ಲಿ ಅರ್ಧ ಪಕ್ಕದ ಮನೆಗೆ ಹೋಗಿರುತ್ತದೆ. ಪಾಪ, ಎರಡು ಕಣ್ಣಿಗೂ ಪೊರೆ ಬಂದು ಅಕ್ಕಿಯಲ್ಲಿನ ಕಲ್ಲು ಕಾಣುತ್ತಿರಲಿಲ್ಲ. ಆಪರೇಷನ್ ಆಗಬೇಕಾದರೆ ಬಿಪಿ ಇಳಿಯಬೇಕು. ಎಷ್ಟು ಗುಳಿಗೆ ಕೊಟ್ಟರೂ ಅದು ಇಳಿಯಲೊಲ್ಲದು. ಆಸ್ಪತ್ರೆಯವರು ಮತ್ತೊಮ್ಮೆ ವಾಪಸ್ ಕಳಿಸಿದಾಗ ಅಂಕಿತಾ ಅಳುವುದೊಂದು ಬಾಕಿ.

"ಗುಳಿಗೆ ದಿನಾ ತಗೋತೀರಾ ಅಜ್ಜಿ?"

"ನಾನೊಬ್ಳೇ ಹೆಂಗೆ ತಗಳ್ಲವ್ವ? ಕೊಟ್ರವ್ವ ತಲೆ ಹಿಡ್ಕಂಡು ಕುಂತಿರ್ತಾಳೆ, ಅವಳಿಗೊಂದು. ಉಡಚಮ್ಮಗೆ ಸೊಂಟ ನೋವು, ಅವಳಿಗೊಂದು. ಉಳಿದ್ರೆ ನನಗೆ."

ನನಗೆ ಪಿತ್ತ ನೆತ್ತಿಗೇರಿತು. "ಬಿಪಿ ಗುಳಿಗೆ ಏನು ಮಜ್ಜಿಗೇನಮ್ಮ, ಓಣಿಗೆಲ್ಲ ಹಂಚೋಕೆ?" ಎಂದೆ.

"ಇಟ್ಕಂಡು ಇಲ್ಲ ಅನ್ನಾಕೆ ಬಾಯಿ ಬರ್ಬೇಕಲ್ರೀ" ಎಂದು ನನ್ನನ್ನೇ ಗದರಿದಳು.

ನಾನು ಉಪನ್ಯಾಸಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಂಕಿತಾ ಬಿಪಿ ಮಿಷನ್ನು ಹಿಡಿದು ಕೊಟ್ರವ್ವನ ಮನೆಗೆ ನಡೆದಿದ್ದಳು. ಅದು ಅವಳ ಪಾಲಿನ ಮನೆಯೇ ಅಲ್ಲ. ಕೊಟ್ರವ್ವನಿಗೆ ನಿಜಕ್ಕೂ ಬಿಪಿ ಇತ್ತು. ಉಡಚಮ್ಮನಿಗೆ ಇದ್ದದ್ದು ಬರೀ ಸೊಂಟನೋವು. ಇಬ್ಬರನ್ನೂ ನಮ್ಮ ವ್ಯಾನಿಗೇ ಹತ್ತಿಸಿ ಡಾಕ್ಟರಿಗೆ ತೋರಿಸಿದಳು. ಅವರವರ ಔಷಧಿ ಅವರವರಿಗೆ ಸಿಕ್ಕಿತು. ಕೇಳಿಕೊಂಡು ಬರುವವರೇ ಇಲ್ಲವಾದ ಮೇಲೆ ಅಂಜಿನವ್ವ ತನ್ನ ಗುಳಿಗೆಯನ್ನು ತಾನೇ ನುಂಗತೊಡಗಿದಳು. ಬಿಪಿ ಇಳಿಯಿತು, ಒಂದು ಕಣ್ಣಿನ ಆಪರೇಷನ್ನೂ ಆಯಿತು.

ಪಟ್ಟಿ ಬಿಚ್ಚಿದ ದಿನ ನಾನೂ ಅಂಕಿತಾಳೂ ವಾರ್ಡಿಗೆ ಹೋದೆವು. ಅಂಜಿನವ್ವ ಅಂಕಿತಾಳ ಗಲ್ಲ ಹಿಡಿದು ಬಹಳ ಹೊತ್ತು ನೋಡಿದಳು. ಆದರೆ ಅಂಕಿತಾಳ ಗಮನವೆಲ್ಲ ಕಣ್ಣಿಗೆ ಬಿಡುವ ಹನಿಯ ಬಾಟಲಿ ಮೇಲಿತ್ತು.

"ಅಜ್ಜಿ, ಇದನ್ನ ಯಾರಿಗೂ ಕೊಟ್ಟಿಲ್ಲ ತಾನೇ?"

"ಇಲ್ಲವ್ವ, ನಿನ್ನಾಣೆ" ಎಂದ ಅಂಜಿನವ್ವ ಪಕ್ಕದ ಮಂಚದ ಮುದುಕಿಯತ್ತ ಕೈ ತೋರಿಸಿದಳು. "ಹದಡಿ ಊರಾಕಿ, ಹಿಂದೆಮುಂದೆ ಯಾರೂ ಇಲ್ಲ. ಹನಿ ಕೇಳಿದ್ಲು. ಅದು ಬ್ಯಾಡ ಬಿಡು, ನಮ್ಮ ಡಾಕ್ಟರಮ್ಮನ್ನೇ ಕೊಡ್ತೀನಿ ಅಂದೀನಿ."