ಕೋಷ್ಟಕದ ಖಾಲಿ ಬೆಳಗುಗಳು

ಸ್ನಾತಕೋತ್ತರ ಪದವಿ ಮುಗಿದ ಮೇಲೆ ನಾನು ಸಂಖ್ಯಾಶಾಸ್ತ್ರವನ್ನು ಮೊದಲಿನಿಂದ ಓದತೊಡಗಿದೆ. ವಿಶ್ವವಿದ್ಯಾಲಯದಲ್ಲಿ ಸೂತ್ರಗಳನ್ನು ಬಳಸಿ ಪಾಸಾಗಿದ್ದೆ. ಅವು ಏಕೆ ಹಾಗಿವೆ ಎಂದು ಕೇಳಿರಲಿಲ್ಲ. ಅಮ್ಮನೂ ನಾನೂ ನೆಲೆಸಿದ್ದ ಹೊರದೇಶದ ಪಿಕರಿಂಗ್‌ನಿಂದ ಕೆಲಸಕ್ಕೆ ಹೋಗುವ ರೈಲಿನಲ್ಲಿ ಓದು, ಶನಿವಾರ ಅಭ್ಯಾಸ. ಎಷ್ಟು ಪುಟ, ಎಷ್ಟು ಲೆಕ್ಕ ಎಂದು ತಾರೀಖು ಹಾಕಿ ಬರೆದಿಡುತ್ತಿದ್ದೆ.

"ಪರೀಕ್ಷೆ ಇಲ್ಲದ ಓದು ಎಂತಕ್ಕೆ ಮಗಾ?" ಎನ್ನುತ್ತಿದ್ದಳು ಅಮ್ಮ.

ಆ ಚಳಿಗಾಲದಲ್ಲಿ, ಬಿಟ್ಟುಹೋದ ಅಂಕಿಗಳನ್ನು ಏನು ಮಾಡಬೇಕು ಎಂಬ ಅಧ್ಯಾಯಕ್ಕೆ ಬಂದಿದ್ದೆ. ಅಭ್ಯಾಸಕ್ಕೆ ಅಮ್ಮನ ಸಕ್ಕರೆ ಕಾಯಿಲೆಯ ಅಂಕಿಗಳನ್ನೇ ತೆಗೆದುಕೊಂಡೆ. ಅವಳು ಬೆಳಿಗ್ಗೆ ಬೆರಳು ಚುಚ್ಚಿ ನೋಡುತ್ತಿದ್ದಳು; ನಾನು ಮೀಟರಿನಿಂದ ಲ್ಯಾಪ್‌ಟಾಪಿನ ಕೋಷ್ಟಕಕ್ಕೆ ಇಳಿಸುತ್ತಿದ್ದೆ. ಸರಾಸರಿ ಇಳಿಯದಿದ್ದರೆ ಮಾತ್ರೆ ಹೆಚ್ಚಿಸುವುದಾಗಿ ಡಾಕ್ಟರು ಹೇಳಿದ್ದರು. ಇಳಿದಿರಲಿಲ್ಲ. ಮುಂದಿನ ವಾರ ಅವರನ್ನು ಕಾಣಬೇಕಿತ್ತು.

ಅಲ್ಲಲ್ಲಿ ಕೆಲವು ಬೆಳಗುಗಳು ಖಾಲಿಯಿದ್ದವು. ಅವನ್ನು ಉಳಿದ ದಿನಗಳ ಸರಾಸರಿಯಿಂದ ತುಂಬಿದ್ದೆ. ಹಾಗೆ ತುಂಬುವ ಮೊದಲು ಅಂಕಿ ಏಕಿಲ್ಲ ಎಂದು ವಿಚಾರಿಸಬೇಕು ಎಂದಿತ್ತು ಪಾಠ. ಮತ್ತೆ ನೋಡಿದೆ. ಖಾಲಿ ಬೆಳಗುಗಳು ಜೋಡಿಯಾಗಿ, ತಿಂಗಳಿಗೆ ಎರಡು ಸಲ ಬರುತ್ತಿದ್ದವು. ಫ್ರಿಜ್ಜಿನ ಮೇಲಿದ್ದ ಪಂಚಾಂಗದ ಕ್ಯಾಲೆಂಡರಿನೊಡನೆ ತಾಳೆ ಹಾಕಿದೆ: ಏಕಾದಶಿ, ದ್ವಾದಶಿ. ಅಂದೂ ಏಕಾದಶಿಯೇ. ಅಮ್ಮ ಸೋಫಾಕ್ಕೆ ಒರಗಿದ್ದಳು. ಇವತ್ತು ಏಕೆ ಚುಚ್ಚಿ ನೋಡಲಿಲ್ಲ ಎಂದು ಕೇಳಿದೆ.

"ಮಡಿಯಲ್ಲಿ ರಕ್ತ ತೆಗೀಲಿಕ್ಕೆ ಉಂಟಾ? ನಾಳೆ ಪಾರಣೆ ಆಗುವವರೆಗೆ ಇಲ್ಲ," ಎಂದಳು.

"ಮಾತ್ರೆ?"

"ಅದನ್ನು ಬಿಡ್ತೇನಾ? ಮದ್ದಿಗೆಂತ ಏಕಾದಶಿ?"

"ಊಟ ಇಲ್ಲದೆ ಬರೀ ಮಾತ್ರೆಯಾ? ತಲೆ ತಿರುಗುದಿಲ್ವಾ?"

"ತಿರುಗ್ತದೆ. ಕೈ ನಡುಗ್ತದೆ. ಉಪವಾಸ ಅಂದ ಮೇಲೆ ಅಷ್ಟಾದ್ರೂ ಆಗ್ಬೇಡ್ವಾ ಮಾರಾಯ್ತಿ?"

ಈಗಲೇ ನೋಡೋಣ ಎಂದೆ. ಒಪ್ಪಲಿಲ್ಲ. ಕೊನೆಗೆ, "ನಾಳೆ ಸ್ನಾನಕ್ಕೆ ಮೊದಲು ಚುಚ್ಚು. ಆಗ ಮಡಿ ಎಲ್ಲುಂಟು?" ಎಂದಳು.

ಮೀಟರು ಎಂದೂ ಎಂಟಕ್ಕಿಂತ ಕೆಳಗೆ ತೋರಿಸಿರಲಿಲ್ಲ. ನಾಲ್ಕಕ್ಕಿಂತ, ಅಂದರೆ ಊರಿನ ಲೆಕ್ಕದಲ್ಲಿ ಎಪ್ಪತ್ತಕ್ಕಿಂತ, ಇಳಿದರೆ ಅಪಾಯ. ಮರುದಿನ ಮೂರು ಚಿಲ್ಲರೆ ತೋರಿಸಿತು. ಅಮ್ಮ ಅದನ್ನು ಓದಿದಳು. ನಾನು ಬೆಲ್ಲದ ಚೂರು ಹಿಡಿದಾಗ ಬಾಯಿ ತೆರೆದಳು. ಸ್ನಾನ, ಪೂಜೆ ಆಮೇಲಾದವು.

ಡಾಕ್ಟರು ಮಾತ್ರೆ ಹೆಚ್ಚಿಸಲಿಲ್ಲ. ಉಪವಾಸದ ದಿನ ಅದನ್ನು ಮುಟ್ಟಬೇಡಿ ಎಂದರು. ಹಿಂದಿನ ಏಕಾದಶಿಗಳಲ್ಲೂ ಇಷ್ಟೇ ಇಳಿಯುತ್ತಿತ್ತೇ ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ.

ನಾನು ತುಂಬಿದ್ದ ಸರಾಸರಿಗಳನ್ನೆಲ್ಲ ಅಳಿಸಿದೆ. ಆ ಬೆಳಗುಗಳು ಈಗಲೂ ಖಾಲಿಯೇ ಇವೆ.