ಹುರುಳಿಯ ಮೇಲೆ ಓಡಿಸಿದ ಕೆಂಪು ಕಾರು

ಸಿಂಧಘಟ್ಟದಲ್ಲಿ ನಮ್ಮ ಭಾವನ ಕೊಟ್ಟಿಗೆಯೊಳಗೆ ಎರಡೇ ಸೀಟಿನ ಎರಡು ಹಳೇ ಸ್ಪೋರ್ಟ್ಸ್ ಕಾರುಗಳಿದ್ದವು. ಹಸಿರಿನದು ಇಂಗ್ಲೆಂಡಿನದು, ಕೆಂಪಿನದು ಇಟಲಿಯದು. ಪಾಂಡವಪುರದಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ನಾನೇ ಎರಡನ್ನೂ ರಿಪೇರಿ ಮಾಡುತ್ತಿದ್ದೆ. ಹಸುಗಳು ಹೆಚ್ಚಾದವು ನೋಡಿ, ಒಂದು ಕಾರು ಜಾಗ ಬಿಡಲೇಬೇಕೆಂದು ಅಕ್ಕ ಹಟ ಹಿಡಿದಳು. ಯಾವುದು ಇರಲಿ ಎಂದು ಭಾವ ಕೇಳಿದ್ದು ನನ್ನನ್ನು. ಅವರ ಜೀವವೆಲ್ಲ ಹಸಿರಿನ ಮೇಲೆ, ನನ್ನದು ಕೆಂಪಿನ ಮೇಲೆ.

ಆದರೂ ಕಸುಬಿಗೆ ದ್ರೋಹ ಮಾಡಬಾರದಲ್ಲ. ಹಸಿರಿನದರ ಇಂಜಿನ್ನು ಟ್ರಾಕ್ಟರು ಬಿಚ್ಚಿ ಗೊತ್ತಿರುವವನಿಗೂ ಅರ್ಥವಾಗುತ್ತದೆ. ಸ್ಟೇರಿಂಗು ಮಾತ್ರ ರಾಗಿಕಲ್ಲು ತಿರುಗಿಸಿದಷ್ಟು ಭಾರ. ಕೆಂಪಿನದರ ಕಾರ್ಬ್ಯುರೇಟರು ವಾರಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಆದರೆ ಮೂರನೇ ಗೇರಿನಲ್ಲಿ ಅದು ದನಿ ಎತ್ತಿತೆಂದರೆ, ಅಬ್ಬಾ, ನನ್ನ ವಯಸ್ಸೇ ಮರೆತುಹೋಗುತ್ತಿತ್ತು. ಹಸಿರಿಗೆ ನಾವೇ ಎರಡು ಸಲ ಬಣ್ಣ ಹೊಡೆದಿದ್ದೆವು. ಕೆಂಪಿನ ಮೈಮೇಲಿದ್ದದ್ದು ಕಾರ್ಖಾನೆಯ ಬಣ್ಣವೇ. ಹಾಗಾಗಿ ಹಳೇ ಕಾರು ಕೂಡಿಡುವವರಿಗೆ ಕೆಂಪು, ಓಡಿಸುವವರಿಗೆ ಹಸಿರು. ನೀವು ಹಸಿರನ್ನೇ ಇಟ್ಟುಕೊಳ್ಳಿ ಎಂದೆ. ಆ ದಿನ ನನಗೆ ಊಟ ಸೇರಲಿಲ್ಲ.

ಹಳೇ ಕಾರು ಕೂಡಿಡುವ ಮೈಸೂರಿನವರೊಬ್ಬರು ಕೆಂಪನ್ನು ಒಪ್ಪಿಕೊಂಡರು. ಅವರು ಬರುವ ಮುನ್ನಾದಿನ, ಕೊನೇ ಸಲ ಓಡಿಸುತ್ತೇನೆಂದು ಭಾವನನ್ನೂ ಕೂರಿಸಿಕೊಂಡು ನಾಗಮಂಗಲದ ಕಡೆ ಹೊರಟೆ. ದಾರಿಯಲ್ಲಿ ರಸ್ತೆಯ ತುಂಬ ಹುರುಳಿ ಹಾಸಿದ್ದರು. ಹೋಗಿಬರುವ ಗಾಡಿಗಳ ಚಕ್ರದಲ್ಲೇ ಒಕ್ಕಣೆ ಮುಗಿಯಲಿ ಎಂದು ನಮ್ಮ ಕಡೆ ಹಾಗೆ ಹಾಸುತ್ತಾರೆ. ಪಕ್ಕಕ್ಕೆ ತಪ್ಪಿಸಿಕೊಂಡು ಹೋದವನಿಗೆ ದೊಡ್ಡಸ್ತಿಕೆ ಅನ್ನುತ್ತಾರೆ. ನಾನೂ ನಡುಮಧ್ಯದಲ್ಲೇ ಓಡಿಸಿದೆ. ನೆಲಕ್ಕೂ ಈ ಕಾರಿಗೂ ಗೇಣಿನ ಅಂತರವೂ ಇಲ್ಲ ಎನ್ನುವುದು ತಲೆಗೆ ಬರಲಿಲ್ಲ. ಒಣಬಳ್ಳಿ ಅಡಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯಿತು ನನ್ನ ಪಾಡು.

ಹಾರಿ ಇಳಿದೆವು. ಹುರುಳಿ ಹಾಸಿದ್ದ ಹೆಂಗಸರು ಕೊಡದಲ್ಲಿ ನೀರು, ಮೊರದಲ್ಲಿ ಮಣ್ಣು ತಂದು ಸುರಿದರು. ಕಾರು ಉಳಿಯಿತು, ಹಿಂಭಾಗದ ಬಣ್ಣವೆಲ್ಲ ಗುಳ್ಳೆ ಎದ್ದಿತ್ತು. ಮಾರನೇ ದಿನ ಬಂದ ಮೈಸೂರಿನವರು ಇದು ಬೇಡ, ಹಸಿರನ್ನು ಕೊಡುವುದಾದರೆ ಕೊಡಿ ಎಂದರು. ಅಷ್ಟರಲ್ಲಿ ಅಕ್ಕ ಹೊಸ ಹಸು ತರಿಸಿಯಾಗಿತ್ತು.

ಭಾವ ಹಸಿರಿನ ಕೀಲಿ ಕೊಟ್ಟರು. ಹಸಿರು ಕಾರು ಕಣ್ಮರೆಯಾಗುವ ತನಕ ನಿಂತಿದ್ದು, ಆಮೇಲೆ ನನ್ನ ಕಡೆ ತಿರುಗಿದರು.

"ಬೇಕೂ ಅಂತ್ಲೇ ಓಡುಸ್ದೇನ್ಲಾ?"

"ಇಲ್ಲ ಭಾವ, ರೂಢಿ."

"ಅಂಗಾದ್ರೆ ಸರಿ ಬುಡು," ಎಂದು ಹೆಗಲ ಮೇಲೆ ಕೈಯಿಟ್ಟರು.

ನಾನು ಹೇಳಿದ್ದು ನಿಜ. ಆದರೆ ಬೆಂಕಿ ಆರಿದ ಮೇಲೆ ಆ ಗುಳ್ಳೆಗಳನ್ನು ಕಂಡು, ಇನ್ನು ಇದನ್ನು ಯಾರೂ ಒಯ್ಯುವುದಿಲ್ಲ ಎಂದು ನನಗೆ ಖುಷಿಯಾಗಿತ್ತು. ಭಾವ ಅದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.